ಅತ್ರಾಸಕ್ಕೂ ಮುಂಚಿನ ಮೂರು ಹೆಜ್ಜೆ

ಸಂಕ್ರಾಂತಿ ಮುಗಿದ ಮೂರನೆಯ ದಿನ ನಸುಕಿನಲ್ಲೇ ಸಿಂಧನೂರು ಬಿಟ್ಟೆವು. ಕಮಾನು ಬಂಡಿಯೊಳಗೆ ನಾನು, ನನ್ನ ಹೆಂಡತಿ ಶಾಂತಮ್ಮ, ಒಂದೂವರೆ ವರ್ಷದ ಮಗಳು ನೀಲಿ. ಮುಂದೆ ಬಂಡಿ ಹೊಡೆಯುವ ಹುಸೇನಪ್ಪ. ಲಿಂಗಸುಗೂರಿಗೆ ಹೋಗಿಬರಲು ಬಾಡಿಗೆ ಆಗಿನ ನಿಜಾಮಶಾಹಿಯ ನಾಲ್ಕು ಹಾಲಿ ರೂಪಾಯಿ, ಎತ್ತಿನ ಮೇವು ಅವನದೇ. ಮೋಟಾರು ಇರಲಿಲ್ಲವೆಂದಲ್ಲ, ಅದನ್ನು ಹತ್ತಿದರೆ ನೀಲಿ ತಿಂದದ್ದನ್ನೆಲ್ಲ ನನ್ನ ಶೇರ್ವಾನಿಗೆ ಒಪ್ಪಿಸುತ್ತಿದ್ದಳು. ಸಾಲಿ ಮಾಸ್ತರನಾದ ನನಗೆ ಇದ್ದದ್ದು ಅದೊಂದೇ ಶೇರ್ವಾನಿ.

ನೀಲಿ ಇನ್ನೂ ನಡೆದಿರಲಿಲ್ಲ. ಓಣಿಯ ಹೆಂಗಸರು ದಿನಕ್ಕೊಂದು ಔಷಧ ಹೇಳುತ್ತಿದ್ದರು. ನಾನು ಧೈರ್ಯದ ಮುಖ ಹಾಕಿಕೊಂಡು ತಿರುಗಿದರೂ ಒಳಗೊಳಗೇ ಅಳುಕುತ್ತಿದ್ದೆ. ಲಿಂಗಸುಗೂರಿನ ನಮ್ಮ ಅತ್ತೆಗೆ ಮಾತ್ರ ಅಳುಕಿರಲಿಲ್ಲ. ಮಗು ನಡೆಯತೊಡಗಿದಾಗ ಅತ್ರಾಸ, ಅಂದರೆ ಬೆಲ್ಲದ ಕಜ್ಜಾಯಗಳನ್ನು ಸಾಲಾಗಿ ಇಟ್ಟು, ಬಟ್ಟೆ ಹೊದಿಸಿ, ಅದರ ಮೇಲೆ ಹೆಜ್ಜೆ ಹಾಕಿಸಿ ಓಣಿಗೆಲ್ಲ ಹಂಚುವುದು ಅವರ ತವರಿನ ಪದ್ಧತಿ. ಮೊಣಕಾಲು ನೋವಿನಿಂದ ಅವರು ನಮ್ಮೂರಿಗೆ ಬರಲಾರರು. ಮೊಮ್ಮಗಳ ಮೊದಲ ಹಲ್ಲು, ಮೊದಲ ಮಾತು ಯಾವುದನ್ನೂ ಕಂಡವರಲ್ಲ. ಮೊದಲ ಹೆಜ್ಜೆಯನ್ನಾದರೂ ನೋಡಬೇಕೆಂದು ಅತ್ರಾಸದ ಪಾಕದ ಹಿಟ್ಟು ಮಾಡಿಟ್ಟು ಕಾಯುತ್ತಿದ್ದರು.

ಆರು ಹರದಾರಿ ದಾಟಿ ಸಂಜೆಗೆ ಮಸ್ಕಿ ಸೇರಿದೆವು. ಚಳಿ ಆಗಲೇ ಶುರುವಾಗಿತ್ತು. ಧರ್ಮಶಾಲೆಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಲೆ ತಿಂದೆವು. ನೀಲಿ ಧರ್ಮಶಾಲೆಯ ನೆಲವನ್ನೆಲ್ಲ ತೆವಳಿ ಒರೆಸಿ ಮಲಗಿದಳು.

ಮರುದಿನ ಮಸ್ಕಿಯ ಗುಡ್ಡ ಹಿಂದೆ ಬಿದ್ದ ಮೇಲೆ ಹುಸೇನಪ್ಪ ಪರಿಚಯದವರ ಜೋಳದ ಹೊಲದ ಬಳಿ ಬಂಡಿ ನಿಲ್ಲಿಸಿದ. ಅಲ್ಲಿ ಎಳೆ ತೆನೆಗಳ ಸೀತನಿ ಸುಡುತ್ತಿದ್ದರು. ಅವನು ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ನೀಲಿಗೆ ತೋರಿಸಿದ. ಅವಳು ಬಂಡಿಯ ಗಾಲಿ ಹಿಡಿದು ನಿಂತಿದ್ದಳು. ಗಾಲಿ ಬಿಟ್ಟಳು. ಒಂದು, ಎರಡು, ಮೂರು ಹೆಜ್ಜೆ ಇಟ್ಟು ಅವನ ಮಡಿಲಿಗೆ ಬಿದ್ದಳು.

ಶಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಅತ್ತಳು. ನಾನು ಬದುವಿನ ಮೇಲೆ ಶೇರ್ವಾನಿಯ ಹಂಗಿಲ್ಲದೆ ಕುಣಿದೆ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

“ನಮ್ಮವ್ವಗ ಏನಂತ ಹೇಳೂದ್ರೀ?” ಎಂದು ಶಾಂತಮ್ಮ ಕೇಳಿದಾಗ ಇಬ್ಬರೂ ಸಪ್ಪಗಾದೆವು. ಹೇಳುವುದೇ ಬೇಡ, ಅತ್ತೆಯ ಮುಂದೆ ಮೊದಲ ಸಲ ನಡೆದಂತೆ ಮಾಡಿದರಾಯಿತು ಎಂದು ನಿಶ್ಚಯಿಸಿದೆವು. ಹುಸೇನಪ್ಪ ಎತ್ತಿನ ಮೇಲೆ ಆಣೆ ಇಟ್ಟ. ನೀಲಿಯ ಮುಖ, ಕೈ ತೊಳೆದು, ಹೊಸ ಅಂಗಿ ತೊಡಿಸಿ, ಲಿಂಗಸುಗೂರಿನವರೆಗೂ ಅವಳನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಹೊತ್ತು ಇಳಿಯುವ ಮುಂಚೆ ಮನೆ ಮುಟ್ಟಿದೆವು. ಅಂಗಳದಲ್ಲಿ ಇಳಿಸಿದ ಕೂಡಲೇ ನೀಲಿ ತಟ್ಟನೆ ಕೂತು ತೆವಳತೊಡಗಿದಳು. ನಮ್ಮ ಉಪಾಯವೆಲ್ಲ ನೀರುಪಾಲು. ಅತ್ತೆ ನಗುತ್ತ ಅವಳನ್ನು ಎತ್ತಿಕೊಂಡು, ಕಾಲು ತೊಳೆಯಲೆಂದು ತಂಬಿಗೆ ಹಿಡಿದರು. ಪಾದ ತಿರುಗಿಸಿ ನೋಡಿ, ಕೈ ತಡೆದರು. ಎರಡೂ ಅಂಗಾಲಿಗೆ ಎರೆಮಣ್ಣು, ಬೆರಳ ಸಂದಿಯಲ್ಲಿ ಸೀತನಿಯ ಹೊಟ್ಟು.

“ಶಾಂತಾ, ತೆವಳೋ ಕೂಸಿನ ಮಣಕಾಲಿಗೆ ಮಣ್ಣಿರತೈತಿ. ಅಂಗಾಲಿಗೆ ಹೆಂಗ ಬಂತು?”

ಶಾಂತಮ್ಮನಿಗೆ ತಾಯಿಯ ಮುಂದೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿಬಿಟ್ಟಳು. ಅತ್ತೆ ಬೆರಳ ಸಂದಿಯ ಹೊಟ್ಟನ್ನು ಒಂದೊಂದಾಗಿ ತೆಗೆದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಎಷ್ಟ ಹೆಜ್ಜಿ ಹಾಕಿದ್ಲು?”

“ಮೂರು,” ಎಂದಳು ಶಾಂತಮ್ಮ.

“ಹಂಗಾದ್ರ ನಾಕನೇದು ನಂದು.”

ಅತ್ತೆ ಪಾದ ತೊಳೆದು ನೀಲಿಯನ್ನು ಅಂಗಳದ ಕಂಬಕ್ಕೆ ಆನಿಸಿ ನಿಲ್ಲಿಸಿದರು. ನೋವಿನ ಮೊಣಕಾಲು ಊರಿ ಎದುರು ಕೂತು ಎರಡೂ ಕೈ ಚಾಚಿದರು. ನೀಲಿ ಕಂಬ ಬಿಟ್ಟಳು. ನಾಲ್ಕನೆಯದಷ್ಟೇ ಅಲ್ಲ, ಐದು, ಆರು, ಏಳನೆಯದನ್ನೂ ಅಜ್ಜಿಗೇ ಕೊಟ್ಟಳು.

ಮರುದಿನ ಅತ್ರಾಸ ಕರಿದು, ನೀಲಿಯಿಂದ ಅದರ ಮೇಲೆ ಹೆಜ್ಜೆ ಹಾಕಿಸಿ ಓಣಿಗೆಲ್ಲ ಹಂಚಿದೆವು. ಮೊದಲನೆಯದನ್ನು ಅತ್ತೆ ಹುಸೇನಪ್ಪನಿಗೆ ಕೊಡಿಸಿದರು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ನಾಲ್ಕು ದಿನದ ಮೇಲೆ ಹಿಂದಿರುಗುವಾಗ, ನಾವು ಹೇಳದಿದ್ದರೂ, ಅವನು ಆ ಹೊಲದ ಬಳಿ ಬಂಡಿ ನಿಲ್ಲಿಸಿದ. ಸೀತನಿ ಸುಟ್ಟ ಬೂದಿ ಇನ್ನೂ ಅಲ್ಲೇ ಇತ್ತು. ನೀಲಿಯನ್ನು ಕೆಳಗಿಳಿಸಿದೆವು. ಈ ಸಲ ಅವಳನ್ನು ಹಿಡಿಯಲು ಮೂವರೂ ಓಡಬೇಕಾಯಿತು.