ಮೂರು ಹಿಡಿ ಮಣ್ಣು

ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದೇವಿಕೊಪ್ಪದಿಂದ ಧಾರವಾಡದ ಕಾಲೇಜಿನ ತನಕದ ದಾರಿಯಲ್ಲಿ ನನ್ನ ಅಪ್ಪ, ಅವ್ವ, ಅಣ್ಣಂದಿರು ಎಲ್ಲರ ಬೆವರಿದೆ. ಮನಃಶಾಸ್ತ್ರ ನನ್ನ ಮೆಚ್ಚಿನ ವಿಷಯ. ಎಂಬತ್ತರ ದಶಕದ ನಡುವೆ, ಶಿಕ್ಷಕಿಯ ತರಬೇತಿಯನ್ನೂ ಮುಗಿಸಿಕೊಂಡು ನವಲಗುಂದದ ಆಚೆಗಿನ ಒಂದು ಹಳ್ಳಿಯ ಶಾಲೆಗೆ ಅಕ್ಕೋರಾಗಿ ಹೋದಾಗ, ಆ ಪುಸ್ತಕಗಳನ್ನು ಟ್ರಂಕಿನಲ್ಲಿ ತುಂಬಿಕೊಂಡೇ ಹೋದೆ.

ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಎಂಟು ವರ್ಷ. ಸುಮ್ಮನೆ ಕೂತಿದ್ದವಳು ಇದ್ದಕ್ಕಿದ್ದಂತೆ ಎದ್ದು ಬಾಗಿಲಿಗೆ ಓಡುತ್ತಿದ್ದಳು. ಹೆಡ್ ಮಾಸ್ತರರು ಅದಕ್ಕೆಂದೇ ದೊಡ್ಡ ಹುಡುಗಿಯರಿಬ್ಬರನ್ನು ಬಾಗಿಲಲ್ಲಿ ಕೂರಿಸಿದ್ದರು. ಅವರು ತಡೆದರೆ ಇವಳು ಕಚ್ಚುತ್ತಿದ್ದಳು. ಒದೆಯುತ್ತಿದ್ದಳು. ಬರೆಯುವ ಪಾಟಿ ಕೈಗೆ ಸಿಕ್ಕರೆ ಎಸೆಯುತ್ತಿದ್ದಳು. ಒಂದು ತಾಸು ಕಳೆದ ಮೇಲೆ ಮೂಲೆಯಲ್ಲಿ ಮೊಳಕಾಲಿಗೆ ಮುಖ ಒತ್ತಿಕೊಂಡು ಕೂತರೆ ಆ ದಿನವೆಲ್ಲ ಮಾತಿಲ್ಲ.

ಅವಳ ತಾಯಿ ಶ್ರಾವಣದಲ್ಲಿ ತೀರಿಕೊಂಡಿದ್ದಳು ಎಂಬುದು ನನಗೆ ಗೊತ್ತಿತ್ತು. ತಾಯಿ ಸತ್ತ ಮಗು, ಸಿಟ್ಟು ಸಹಜ ಎಂದುಕೊಂಡಿದ್ದೆ.

ಹೆಡ್ ಮಾಸ್ತರರು ಕೆಟ್ಟವರಲ್ಲ. ಒಂದು ದಿನ ದೊಡ್ಡ ಹುಡುಗಿಯೊಬ್ಬಳ ಮುಂಗೈ ಬಾತುಕೊಂಡಿದ್ದನ್ನು ನನಗೆ ತೋರಿಸಿದರು. "ನೋಡ್ರಿ ಅಕ್ಕೋರ, ನಾಳೆ ಯಾರದರ ಕಣ್ಣಿಗೆ ಪಾಟಿ ಬಡದ್ರ ಅವರ ಮನಿಯವರಿಗೆ ನಾ ಏನಂತ ಹೇಳ್ಲಿ? ದಸರಾ ಸೂಟಿ ತನಕ ನೋಡ್ತೀನಿ. ಆಮ್ಯಾಲೆ ಹೆಸರು ತಗೀತೀನಿ." ಹುಡುಗಿಯ ಅಪ್ಪನೂ ಒಪ್ಪಿಬಿಟ್ಟಿದ್ದ. ಸೂಟಿಗೆ ದೂರದ ಊರಿನ ಅತ್ತೆಯ ಮನೆಗೆ ಕಳಿಸುವುದು, ಅಲ್ಲಿ ಆಡು ಕಾಯ್ದುಕೊಂಡು ಇರುತ್ತಾಳೆ ಎಂದು. ಹಾಗೆ ಹೋದವರು ಮತ್ತೆ ಪಾಟಿ ಹಿಡಿಯುವುದಿಲ್ಲ. ಹಾಗೆ ಹೋದ ಗೆಳತಿಯರು ನನಗೂ ಇದ್ದರು.

ನಾನು ಪುಸ್ತಕ ತೆಗೆದೆ. ಮಗು ಕೆರಳುವ ಮೊದಲು ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಆಮೇಲೆ ಏನು ಮಾಡಿತು, ಎಲ್ಲವನ್ನೂ ಬರೆದಿಡಬೇಕು ಎಂದಿತ್ತು. ಒಂದು ವಹಿಯಲ್ಲಿ ಗೆರೆ ಹೊಡೆದು ಮೂರು ವಾರ ಬರೆದೆ. ಏನೂ ಹೊಳೆಯಲಿಲ್ಲ. ಒಂದು ದಿನ ಹನ್ನೊಂದಕ್ಕೆ, ಒಂದು ದಿನ ಹನ್ನೆರಡೂವರೆಗೆ. ಒಮ್ಮೆ ಮಗ್ಗಿ ಹೇಳುವಾಗ, ಒಮ್ಮೆ ಪದ್ಯ ಬರೆಯುವಾಗ. ಹಸಿವೆ ಇರಬೇಕೆಂದು ರೊಟ್ಟಿ ಕೊಟ್ಟು ನೋಡಿದೆ. ಗೋಡೆಗೆ ಎಸೆದಳು.

ನಾನು ಬಾಡಿಗೆಗಿದ್ದದ್ದು ಒಬ್ಬ ಮುದುಕಿಯ ಮನೆಯಲ್ಲಿ. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಹೊಲದಲ್ಲಿ ಕಸ ತೆಗೆಯುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಬೆಳಿಗ್ಗೆ ಕರೆದುಕೊಂಡು ಹೋಗಿ ಸಾಲು ಹಚ್ಚುವವಳು. ಕಳೆ ಕೀಳುವ ಕುರ್ಚಿಗಿ ಹಿಡಿದು ಹಿಡಿದು ಅವಳ ಬಲಗೈ ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಸಹಿ ಎಂದರೆ ಹೆಬ್ಬೆಟ್ಟು. ನಾನು ದಿನಾ ಸಂಜೆ ವಹಿ ಹಿಡಿದು ಕೂರುವುದನ್ನು ನೋಡಿ ಅವಳು ಚೇಷ್ಟೆ ಮಾಡುತ್ತಿದ್ದಳು.

"ಅಕ್ಕೋರು ಬರದದ್ದ ಬರದದ್ದು. ಬರದ್ರ ಹುಡುಗಿ ಕಚ್ಚೂದು ಬಿಡತೈತೇನ್ರಿ?"

"ನಗಬ್ಯಾಡ ಆಯಿ. ಕೇಳಿ ನೋಡು," ಎಂದು ಸಿಟ್ಟಿನಿಂದ ಓದಿದೆ. ಸೋಮವಾರ ಹನ್ನೊಂದೂಕಾಲು. ಮಂಗಳವಾರ ಹನ್ನೆರಡು. ಬುಧವಾರ, ಗುರುವಾರ ಏನೂ ಆಗಲಿಲ್ಲ, ದಿನವಿಡೀ ಸುಮ್ಮನಿದ್ದಳು. ಶುಕ್ರವಾರ ಹನ್ನೆರಡೂವರೆ.

ಆಯಿ ಎಲೆ ಮಡಚುತ್ತಿದ್ದವಳು ನಿಲ್ಲಿಸಿದಳು. "ಬುಧವಾರ ಗುರುವಾರ ಅಂದ್ರ ಮಳಿ ಹತ್ತಿತ್ತಲ್ಲ, ಆವಾಗನ?"

"ಹೌದು."

"ಆ ಎರಡು ದಿನ ಹುಬ್ಬಳ್ಳಿ ಬಸ್ಸು ಬರಲಿಲ್ಲ. ಬೆಣ್ಣಿಹಳ್ಳ ತುಂಬಿ ಬಂದಿತ್ತು. ಶುಕ್ರವಾರ ಬಸ್ಸು ಅಗದಿ ತಡಾ ಮಾಡ್ತು, ನಾವು ಬುತ್ತಿ ಬಿಚ್ಚಿದ್ದ ತಡಾ ಆತು."

ಹೊಲದ ಹೆಂಗಸರಿಗೆ ಗಡಿಯಾರವಿರಲಿಲ್ಲ. ಬಸ್ಸಿನ ಹಾರ್ನು ಕೇಳಿದರೆ ಬುತ್ತಿ ಬಿಚ್ಚುವ ಹೊತ್ತು. ಶಾಲೆಯ ಹಿಂದೆಯೇ ಬಸ್ಸು ನಿಲ್ಲುತ್ತಿತ್ತು. ದಿನಾ ಆ ಹಾರ್ನು ನನ್ನ ಕಿವಿಗೂ ಬೀಳುತ್ತಿತ್ತು. ಆದರೆ ನಾನು ವಹಿಯಲ್ಲಿ ಬರೆದದ್ದು ವರ್ಗದ ಒಳಗೆ ನಡೆದದ್ದನ್ನು ಮಾತ್ರ. ಮತ್ತೆ ಮೊದಲಿನಿಂದ ಓದಿದೆ. ಒಂದೊಂದು ದಿನಕ್ಕೂ ಆಯಿ ಅವತ್ತು ಯಾರ ಹೊಲದಲ್ಲಿದ್ದೆವು, ಬಸ್ಸು ಯಾವಾಗ ಬಂತು ಎಂದು ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ. ಮೂರು ವಾರ ನಾನು ಬರೆದದ್ದನ್ನು ಅಕ್ಷರ ಬಾರದ ಹೆಣ್ಣುಮಗಳು ಅರ್ಧ ತಾಸಿನಲ್ಲಿ ಓದಿದಳು.

ಆಮೇಲೆ ಅವಳು ಅರ್ಧ ಮಡಚಿದ ಎಲೆಯನ್ನು ಕೆಳಗಿಟ್ಟಳು. "ಆ ಕೂಸಿಗೆ ಯಾರೂ ಹೇಳಿಲ್ಲ ಅಕ್ಕೋರ," ಎಂದಳು ಕೊನೆಗೆ.

ನಡೆದದ್ದು ಹೀಗೆ. ತಾಯಿಗೆ ಹೊಟ್ಟೆನೋವೆಂದು ಅಪ್ಪ ಅವಳನ್ನು ಅದೇ ಬಸ್ಸಿನಲ್ಲಿ ಹುಬ್ಬಳ್ಳಿ ದವಾಖಾನೆಗೆ ಕರೆದೊಯ್ದಿದ್ದ. ಎರಡೇ ದಿನಕ್ಕೆ ಜೀವ ಹೋಯಿತು. ಹಳ್ಳ ತುಂಬಿ ಊರಿಗೆ ದಾರಿ ಇರಲಿಲ್ಲ. ಅವಳ ತವರು ಹಳ್ಳದ ಆಚೆ, ಹುಬ್ಬಳ್ಳಿಯ ಕಡೆ. ಅಲ್ಲೇ ಮಣ್ಣು ಮಾಡಿದರು. ಇಲ್ಲಿ ಅಳುತ್ತಿದ್ದ ಮಗುವಿಗೆ ಯಾರೋ, "ನಿಮ್ಮವ್ವ ತವರಮನಿಗೆ ಹೋಗ್ಯಾಳ, ಬಸ್ಸಿನ್ಯಾಗ ಬರ್ತಾಳ" ಎಂದರು. ಅವತ್ತಿನ ಮಟ್ಟಿಗೆ ಹೇಳಿದ ಮಾತು. ಮುಂದೆ ಅಪ್ಪ ಹೇಳಿರುತ್ತಾನೆ ಎಂದು ಊರು ತಿಳಿಯಿತು. ಊರವರು ಹೇಳಿರುತ್ತಾರೆ ಎಂದು ಅಪ್ಪ ತಿಳಿದ. ಅವಳಿಗೆ ಗೊತ್ತಿದೆ ಎಂದು ನಾನು ತಿಳಿದೆ.

"ಹಿಡದ್ರ ಕಚ್ಚೂದ ಮತ್ತ," ಎಂದಳು ಆಯಿ. "ನಾಳೆ ಬಿಡ್ರಿ. ಬಿಡೂದಂದ್ರ ಒಬ್ಬಾಕಿನ್ನ ಬಿಡೂದಲ್ಲ. ನೀವೂ ಜೋಡಿ ಹೋಗ್ರಿ."

ಹೆಡ್ ಮಾಸ್ತರರು ಹುಬ್ಬು ಗಂಟಿಕ್ಕಿದರು. "ಇದು ಯಾವ ಪುಸ್ತಕದಾಗ ಐತ್ರಿ?" ಎಂದರು. ಯಾವುದರಲ್ಲೂ ಇಲ್ಲ ಸರ್ ಎಂದೆ. ಅದಕ್ಕೇ ಏನೋ, ಒಪ್ಪಿದರು. ಸೂಟಿಗೆ ಇನ್ನು ಹದಿನೈದು ದಿನವಿತ್ತು.

ಮಾರನೆಯ ದಿನ ಹಾರ್ನು ಕೇಳಿತು. ಅವಳು ಎದ್ದಳು. ಬಾಗಿಲಲ್ಲಿ ಯಾರೂ ತಡೆಯದಿದ್ದುದು ಕಂಡು ಒಂದು ಗಳಿಗೆ ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. "ನಡಿ ಯವ್ವ, ಹೋಗೂಣು," ಎಂದೆ. ಓಡಿದಳು. ನಾನು ಸೀರೆ ಎತ್ತಿಕೊಂಡು ಹಿಂದೆ ಓಡಿದೆ.

ಬಸ್ಸು ಹತ್ತಿ ಒಂದೊಂದು ಸೀಟನ್ನೂ ನೋಡಿದಳು. ಬಗ್ಗಿ ಸೀಟಿನ ಕೆಳಗೂ ನೋಡಿದಳು. ಕಂಡಕ್ಟರ್ ನನ್ನ ಕಡೆ ತಿರುಗಿ, "ಏನ್ ಅಕ್ಕೋರ, ಇವತ್ತ ಚೆಕಿಂಗಿಗೆ ಸಣ್ಣ ಸಾಹೇಬರ್ನ ಕಳಿಸ್ಯಾರೇನು?" ಎಂದ. ನಾನು ಕೆಳಗೆ ಕರೆದು ವಿಷಯ ಹೇಳಿದೆ. ಅವನ ಮುಖ ಸಣ್ಣದಾಯಿತು. ಆ ತಾಯಿಗೆ ಅವತ್ತು ಟಿಕೀಟು ಹರಿದವನು ಅವನೇ. ಮರುದಿನದಿಂದ ಬಸ್ಸು ನಿಂತ ಕೂಡಲೇ ಅವನೇ ಇಳಿದು ಬಾಗಿಲು ಹಿಡಿದು ನಿಲ್ಲುತ್ತಿದ್ದ. ಅವಳು ನೋಡಿ ಇಳಿಯುವ ತನಕ ಸೀಟಿ ಊದುತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ಯಾರನ್ನೂ ಕಚ್ಚಲಿಲ್ಲ. ಆದರೆ ಖಾಲಿ ಕೈಯಲ್ಲಿ ಮರಳುವಾಗ ನನ್ನ ಸೆರಗನ್ನು ಹಿಡಿಯುತ್ತಿದ್ದಳಲ್ಲ, ಆ ಹಿಡಿತಕ್ಕಿಂತ ಕಚ್ಚುವುದೇ ಹಗುರಾಗಿತ್ತು.

ಆಯಿ ಒಂದು ಸಂಜೆ ಅವಳ ಅಪ್ಪನನ್ನು ಕಟ್ಟೆಗೆ ಕರೆಸಿದಳು. ಅವನು ಬಂದು ತಲೆ ತಗ್ಗಿಸಿ ನಿಂತ. ಮೂವತ್ತರ ಗಂಡಸು.

"ಹೇಳಿದ್ರ ಅದು ಎದಿ ಒಡ್ಕೋತೈತಿ ಆಯಿ," ಎಂದ.

"ಈಗೇನ ನಕ್ಕೋತ ಕುಣಕೋತ ಐತೇನಲೇ? ಆಕಿ ಅವ್ವನ ಹಾದಿ ಕಾಯಾಕತ್ಯಾಳ. ನೀ ಆಡ ಕಾಯಾಕ ಕಳಸ್ತಿ."

"ನನ್ನ ಬಾಯಿಲೆ ಬರೂದಿಲ್ಲ ಆಯಿ."

"ಬಾಯಿಲೆ ಯಾಂವ ಹೇಳಂದ? ಕರ್ಕೊಂಡು ಹೋಗೂಣು ನಡಿ. ಆಕಿ ಪಾಲಿನ ಮಣ್ಣು ಉಳದೈತಿ."

ನಮ್ಮ ಕಡೆ ಮಣ್ಣಿಗೆ ಹೋದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಅದು ಸತ್ತವರಿಗೆ ಕೊಡುವ ಕೊನೆಯದು. ಅಪ್ಪ ಹಾಕಿದ್ದ, ಸೋದರಮಾವಂದಿರು ಹಾಕಿದ್ದರು, ಪರವೂರಿನವರೂ ಹಾಕಿದ್ದರು. ಮಗಳೊಬ್ಬಳು ಹಾಕಿರಲಿಲ್ಲ. ಮಗು ಎಂದು ಯಾರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಯಿ ಹಿಡಿದಳು.

ರವಿವಾರ ಮೂವರೂ ಅದೇ ಬಸ್ಸಿನಲ್ಲಿ ಹೋದರು. ನಾನು ಹೋಗಲಿಲ್ಲ. "ನೀವು ಸಾಲಿ ಅಕ್ಕೋರು, ಸಾಲ್ಯಾಗ ಇರ್ರಿ. ಹೊಳ್ಳಿ ಬಂದಾಗ ಆಕಿಗೆ ಮೊದಲಿನಂಗ ಇದ್ದದ್ದು ಒಂದರ ಬೇಕು," ಎಂದಿದ್ದಳು ಆಯಿ. ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ತಾಯಿಯನ್ನು ಮಣ್ಣು ಮಾಡಿದ ಗದ್ದುಗೆಯ ಮುಂದೆ ಅಪ್ಪ ಕೂತು, ನಿಮ್ಮವ್ವ ಇಲ್ಲೇ ಅದಾಳ, ಇನ್ನ ಬರೂದಿಲ್ಲ ಎಂದನಂತೆ. ಹುಡುಗಿ, "ಮ್ಯಾಲ ಮಣ್ಣು ಯಾರು ಹಾಕಿದ್ರು?" ಎಂದು ಕೇಳಿದಳಂತೆ. "ನಾನ," ಎಂದನಂತೆ. ಅವಳು ಎರಡೂ ಕೈಯಲ್ಲಿ ಅವನನ್ನು ಬಡಿದಳು, ಭುಜ ಕಚ್ಚಿದಳು. ಅವನು ಕದಲದೆ ಕೂತಿದ್ದ. ಆಯಿ ಬಿಡಿಸಲು ಹೋಗಲಿಲ್ಲ. ಹುಡುಗಿ ದಣಿದ ಮೇಲೆ ಅವಳ ಕೈಗೆ ಮಣ್ಣು ಕೊಟ್ಟಳು. ಒಂದು, ಎರಡು, ಮೂರು. ಮೂರನೆಯ ಹಿಡಿಯನ್ನು ಬಿಡಲು ಬಹಳ ಹೊತ್ತು ತೆಗೆದುಕೊಂಡಳಂತೆ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸೋಮವಾರ ಹಾರ್ನಿಗೆ ಮತ್ತೆ ಎದ್ದಳು. ಬಸ್ಸಿನ ಹತ್ತಿರ ಹೋದೆವು. ಹತ್ತಲಿಲ್ಲ, ಕೆಳಗೇ ನಿಂತು ನೋಡಿದಳು. ಹಾಗೆ ನಾಲ್ಕು ದಿನ. ಐದನೆಯ ದಿನ ಹಾರ್ನು ಕೇಳಿದಾಗ ಪಾಟಿಯ ಮೇಲೆ ಬಗ್ಗಿ ಅತ್ತಳು, ಎಲ್ಲರ ಮುಂದೆ, ಜೋರಾಗಿ. ಅವಳ ಅಳುವನ್ನು ನಾನು ಕೇಳಿದ್ದು ಅದೇ ಮೊದಲು. ಮಕ್ಕಳು ಗಾಬರಿಯಾದರು. ನನಗೆ ಉಸಿರು ಬಂದಂತಾಯಿತು.

ಮುಂದೆ ನಾನು ಎಷ್ಟೋ ಊರುಗಳಲ್ಲಿ ಕಲಿಸಿದೆ, ಹೊಸ ಶಿಕ್ಷಕರಿಗೂ ಪಾಠ ಹೇಳಿದೆ. ಬರೆದಿಡುವುದು ಒಳ್ಳೆಯದು, ಇವತ್ತಿಗೂ ಹೇಳುತ್ತೇನೆ. ಆದರೆ ಮಗುವಿಗೆ ಏನು ಕಲಿಸಬೇಕು ಎನ್ನುವ ಮೊದಲು ಅದಕ್ಕೆ ಏನು ಕೊಡುವುದು ಬಾಕಿ ಇದೆ ಎಂದು ಕೇಳಿದವರು, ನಾನು ಕಂಡವರಲ್ಲಿ, ಆ ಆಯಿ ಒಬ್ಬಳೇ.

ಆ ವರ್ಷ ಸೂಟಿಗೆ ಎರಡು ದಿನ ಇರುವಾಗ ಆ ಹುಡುಗಿ ಮತ್ತೊಮ್ಮೆ ಕಚ್ಚಿದಳು. ಕಚ್ಚಿಸಿಕೊಂಡವಳು ಅಳುತ್ತ ಹೆಡ್ ಮಾಸ್ತರರ ಮುಂದೆ ನಿಂತಿದ್ದಳು. ಅವರು ರಜಿಸ್ಟರು ಪಕ್ಕಕ್ಕಿಟ್ಟು ಕಚ್ಚಿದವಳ ಕಡೆ ತಿರುಗಿ, "ಯಾಕ ಕಚ್ಚಿದಿ?" ಎಂದರು. ಅದುವರೆಗೆ ಯಾರೂ ಕೇಳಿರದ ಪ್ರಶ್ನೆ.

"ನನ್ನ ಪೆನ್ಸಿಲ್ ಕದ್ಲರಿ. ಮ್ಯಾಲ ನನಗ ಕಳ್ಳಿ ಅಂದ್ಲು."

"ಸುಳ್ಳರಿ ಸರ್, ಆಕಿನ ಕೊಟ್ಟಿದ್ಲು!"

ಅವರು ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ನನ್ನನ್ನು. "ಇಬ್ರೂ ಗ್ವಾಡಿಗೆ ನಿಂದರ್ರಿ, ಘಂಟಿ ಹೊಡಿಯೂತನಕ," ಎಂದರು. ಶಾಲೆಯ ಯಾವ ಮಗುವಿಗಾದರೂ ಕೊಡುತ್ತಿದ್ದ ಶಿಕ್ಷೆ. ಅಪ್ಪನನ್ನು ಕರೆಸಲಿಲ್ಲ, ಹೆಸರು ತೆಗೆಯುವ ಮಾತೂ ಎತ್ತಲಿಲ್ಲ. ನಾನು ಹಾದುಹೋಗುವಾಗ ಹುಡುಗಿಯರಿಬ್ಬರೂ ಬೆನ್ನು ಗೋಡೆಗೆ ಕೊಟ್ಟು ನಿಂತು, ಪೆನ್ಸಿಲ್ ಯಾರದೆಂದು ಪಿಸುದನಿಯಲ್ಲಿ ಜಗಳಾಡುತ್ತಿದ್ದರು.