ಹೆಸರಿಗೆ ಹಾಕಿದ ಜೋಡಿ ಕಾಮಾ

ಸಿರುಗುಪ್ಪದಲ್ಲಿ ಹನ್ನೊಂದು ವರ್ಷ, ಕುರುಗೋಡಿನಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿ, ಬಳ್ಳಾರಿ ಕಂಟೋನ್ಮೆಂಟಿನ ತರಬೇತಿ ಕೇಂದ್ರಕ್ಕೆ ಕಂಪ್ಯೂಟರ್ ಬಂದಾಗ ಐವತ್ತೈದರ ವಯಸ್ಸಿನಲ್ಲಿ ತಾವೇ ಮೊದಲ ವಿದ್ಯಾರ್ಥಿಯಾಗಿ ಕುಳಿತು, ಆಮೇಲೆ ಅಲ್ಲೇ ಮೇಷ್ಟ್ರಾದ ಶ್ರೀ ಚಿದಾನಂದಪ್ಪನವರು ಈ ೧೯೮೯ರಲ್ಲಿ ನಿವೃತ್ತರಾಗುತ್ತಿದ್ದಾರೆ. ಹುಡುಗರ ಲೆಕ್ಕ ತಪ್ಪಿದರೆ ಕಿವಿ ಹಿಂಡದೆ, ತಾವು ಹೇಳಿದ್ದರಲ್ಲೇ ಏನು ಬಿಟ್ಟುಹೋಯಿತೆಂದು ಹುಡುಕುವುದು ಅವರ ರೀತಿ.

ರೂಪನಗುಡಿಯ ಗಾದೆಪ್ಪ ಎಂಟನೇ ತರಗತಿಗೇ ಶಾಲೆ ಬಿಟ್ಟು ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಎಸ್ಸೆಸ್ಸೆಲ್ಸಿ ಆಗದವರಿಗೆ ಕೇಂದ್ರದಲ್ಲಿ ಪ್ರವೇಶವಿರಲಿಲ್ಲ. ಮೇಷ್ಟ್ರು ತಮ್ಮ ಹೊಣೆಯ ಮೇಲೆ ಅವನನ್ನು ಕೂರಿಸಿಕೊಂಡರು. ಕಾರ್ಯದರ್ಶಿ ಉಜ್ಜಿನಪ್ಪನವರು ಷರತ್ತು ಹಾಕಿದರು: ವಾರ್ಷಿಕೋತ್ಸವದ ನಲವತ್ತು ಆಹ್ವಾನಪತ್ರ, ಒಂದೊಂದರಲ್ಲಿ ಒಬ್ಬೊಬ್ಬರ ಹೆಸರು, ಶುಕ್ರವಾರದೊಳಗೆ ಯಂತ್ರದಿಂದ ಬರಬೇಕು, ಬಾರದಿದ್ದರೆ ಬೆಂಚು ಖಾಲಿ ಮಾಡಬೇಕು.

ಅತಿಥಿಯ ಹೆಸರನ್ನು ಹಿಡಿದಿಡುವ, ಯಂತ್ರದಲ್ಲಿ N$ ಎಂದು ಬರೆಯುವ ಗುರುತಿಗೆ ಪಾಠದಲ್ಲಿ ‘ಎನ್ ಡಾಲರ್’ ಎನ್ನುತ್ತಿದ್ದರು. ಶುಕ್ರವಾರ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ನಲವತ್ತು ಪತ್ರ ಬಂದವು. ನಲವತ್ತರಲ್ಲೂ ಒಂದೇ ಸಾಲು: ಶ್ರೀ ಎನ್ ಡಾಲರ್ ಅವರಿಗೆ.

“ಯಾರಲೇ ಇವ ಡಾಲರಪ್ಪ? ಅಮೆರಿಕದಿಂದ ಬರಾಕ ಹತ್ಯಾನೇನು?” ಉಜ್ಜಿನಪ್ಪನವರು ನಕ್ಕರು. “ಹೋಗಪ್ಪಾ, ಬೋರ್ಡು ಬರಿ ಹೋಗು.”

ಗಾದೆಪ್ಪನ ಮೈ ಉರಿದುಹೋಯಿತು. ಪತ್ರ ಹರಿದೆಸೆದು ಬಾಗಿಲಿಗೆ ನಡೆದ.

“ನಿಲ್ಲಲೇ. ಹೆಸರಿಗೆ ಹಿಂದ ಮುಂದ ಈ ಜೋಡಿ ಕಾಮಾ ಯಾಕ ಹಾಕಿದಿ?” ಪರದೆಯ ಮೇಲೆ ಅವನು ಬರೆದ ಆಜ್ಞೆಯ ಸಾಲು ನೋಡಿ ಮೇಷ್ಟ್ರು ಕೇಳಿದರು.

“ಬೋರ್ಡಿನ್ಯಾಗ ದೊಡ್ಡೋರ ಹೆಸರಿಗೆ ಹಾಕ್ತೀವಲ್ರೀ ಸಾರ್! ಮರ್ಯಾದಿ ಬ್ಯಾಡೇನ್ರಿ?”

ಮೇಷ್ಟ್ರು ನಗಲಿಲ್ಲ. “ಉಜ್ಜಿನಪ್ಪನೋರೆ, ಇದನ್ನ ನಾನು ಹೇಳಿರಲಿಲ್ಲ. ತಪ್ಪು ನಂದೈತಿ. ಇನ್ನೊಂದು ತಾಸು ಕೊಡ್ರಿ,” ಎಂದವರೇ ಗಾದೆಪ್ಪನ ಪಕ್ಕ ಕುಳಿತರು. “ನೋಡು, ಕಾಮಾದೊಳಗ ಇಟ್ಟದ್ದನ್ನ ಮಷಿನ್ನು ಹೆಂಗೈತೋ ಹಂಗ ಬರಿತೈತಿ. ಎನ್ ಡಾಲರ್ ಅಂದ್ರ ಹೆಸರಿಟ್ಟ ಡಬ್ಬಿ. ಅದನ್ನ ಹೊರಗ ಬಿಡು, ಆಗ ಬಿಚ್ಚಿ ನೋಡ್ತೈತಿ. ಶ್ರೀಗೆ ಒಂದು ಜೋಡಿ ಕಾಮಾ, ‘ಅವರಿಗೆ’ ಅನ್ನೋದಕ್ಕ ಇನ್ನೊಂದು. ನಡುವ ಡಬ್ಬಿ.”

ಶ್ರೀ ಹಂಪಯ್ಯ ಅವರಿಗೆ. ಶ್ರೀ ಗವಿಸಿದ್ದಪ್ಪ ಅವರಿಗೆ. ಮೂರನೆಯದು ಬರುತ್ತಲೇ ಗಾದೆಪ್ಪ ಯಂತ್ರ ನಿಲ್ಲಿಸಿದ.

“ತಡೀರಿ ಸಾರ್, ಕೊಟ್ರಮ್ಮನೋರೂ ಶ್ರೀ ಆಗ್ಯಾರ! ಶ್ರೀಗೂ ಒಂದು ಡಬ್ಬಿ ಬೇಕ್ರಿ.”

ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಉಜ್ಜಿನಪ್ಪನವರು ಪ್ರವೇಶದ ಪುಸ್ತಕ ತೆರೆದು, ಗಾದೆಪ್ಪನ ಹೆಸರಿನ ಮುಂದೆ ‘ಎಂಟನೇ ತರಗತಿ’ ಎಂದೇ ಬರೆದು ರುಜು ಹಾಕಿದರು.

ಗಾದೆಪ್ಪ ಈಗ ಅಲ್ಲೇ ಕಲಿಸುತ್ತಾನೆ. ಶಾಲೆ ಬಿಟ್ಟವರಿಗೆಂದು ಅವನು ಹಟ ಹಿಡಿದು ಪಡೆದ ಭಾನುವಾರದ ತರಗತಿಯ ಅರ್ಜಿಯಲ್ಲಿ ವಿದ್ಯಾರ್ಹತೆಯನ್ನು ಕೇಳುವುದಿಲ್ಲ. ಚಿದಾನಂದಪ್ಪನವರು ನೂರ್ಕಾಲ ಸುಖವಾಗಿ ಬಾಳಲಿ; ವಿಶ್ರಾಂತಿ ಮಾತ್ರ ಸದ್ಯಕ್ಕಿಲ್ಲ. ಭಾನುವಾರದ ತರಗತಿಗೆ ಹನ್ನೆರಡು ಮಂದಿ ಹೆಸರು ಕೊಟ್ಟಿದ್ದಾರೆ, ಮೊದಲ ಪಾಠ ಮೇಷ್ಟ್ರದೇ.