ಹಡಗಿಗೆ ಕೊಸರು

ನಮ್ಮೂರಿನಲ್ಲಿ ಯಾರೂ ತಿನ್ನದ ಒಂದು ತರಕಾರಿಯನ್ನು ನಾವು ಮೂರು ವರ್ಷ ಬೆಳೆದೆವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅರಸೀಕೆರೆಗೆ ಕೊಬ್ಬರಿ ಹಾಕಲು ಹೋಗಿದ್ದ ಅಪ್ಪ ಒಂದು ಪೊಟ್ಟಣ ಬೀಜ, ಕಂಪನಿಯೊಂದು ತನ್ನ ಬೆಳೆಗಾರರಿಗೆ ಕೊಡುವ ಒಂದು ಹಳದಿ ಕಾರ್ಡು ಮತ್ತು ವಿಪರೀತ ಉತ್ಸಾಹ ಹೊತ್ತುಕೊಂಡು ಬಂದ. ಬೀಜ ಮಿಡಿಸೌತೆಯದು. ಬೆರಳು ಗಾತ್ರ ಇದ್ದಾಗಲೇ ಕಿತ್ತು ಕೊಟ್ಟರೆ ಕಂಪನಿಯವರು ಅದನ್ನು ಹುಳಿನೀರಿನಲ್ಲಿ ನೆನೆಸಿ, ಡ್ರಮ್ಮಿಗೆ ತುಂಬಿ, ಹಡಗಿನಲ್ಲಿ ಫಾರಿನ್ನಿಗೆ ಕಳಿಸುತ್ತಾರಂತೆ. ಬೀಜ, ಗೊಬ್ಬರ, ಔಷಧಿ ಎಲ್ಲ ಅವರದು. ಭೂಮಿ ಮತ್ತು ಬೆನ್ನುನೋವು ನಮ್ಮದು.

ಅಪ್ಪನ ಕಣ್ಣು ಬಿದ್ದದ್ದು ಹಳೇಬೀಡಿಗೆ ಹೋಗುವ ಟಾರ್ ರಸ್ತೆ ಪಕ್ಕದ ಬಾವಿ ಹೊಲದ ಮೇಲೆ. ಅದು ಅಜ್ಜಿಯ, ಅಂದರೆ ಅಪ್ಪನ ಅವ್ವನ, ತರಕಾರಿ ಹೊಲ. ಅಲ್ಲಿ ಬೆಳೆದ ಬದನೆ, ಹೀರೆ, ಬೆಂಡೆಗಳನ್ನು ಅವಳು ನಲವತ್ತು ವರ್ಷ ಹಳೇಬೀಡಿನ ಸಂತೆಯಲ್ಲಿ ಮಾರಿದ್ದಳು. ಮಂಡಿನೋವು ಬಂದು ಸಂತೆ ಬಿಟ್ಟಿದ್ದಳಷ್ಟೇ, ಸಂತೆಯ ಮಾತು ಬಿಟ್ಟಿರಲಿಲ್ಲ. ಬಾವಿಯ ಬಳಿಯ ಕರಿಬೇವಿನ ಮರವನ್ನೂ ಎರಡು ಸಾಲು ಮೆಣಸಿನ ಗಿಡಗಳನ್ನೂ ಮುಟ್ಟಕೂಡದು ಎಂಬ ಷರತ್ತಿನ ಮೇಲೆ ಹೊಲ ಬಿಟ್ಟುಕೊಟ್ಟಳು.

ಆ ಮೆಣಸಿನಕಾಯಿ, ಕರಿಬೇವು ಅವಳ ಕೊಸರಿನ ಸಾಮಾನು. ತಕ್ಕಡಿಯಲ್ಲಿ ತೂಗಿದ ಮೇಲೆ ಗಿರಾಕಿಯ ಚೀಲಕ್ಕೆ ಒಂದು ಹಿಡಿ ಹೆಚ್ಚಿಗೆ ಹಾಕದೆ ಅವಳು ಯಾರನ್ನೂ ಕಳಿಸಿದವಳಲ್ಲ. ಹಾಗಂತ ಗೊಣಗದೆಯೂ ಹಾಕಿದವಳಲ್ಲ. "ಎಷ್ಟ್ ಹಾಕುದ್ರೂ ಇನ್ನೊಂದೆರಡು ಹಾಕವ್ವ ಅಂತಾವೆ ಕಣೆ. ನಲವತ್ ವರ್ಸದಾಗೆ ಸಾಕು ಅಂದ ಗಿರಾಕಿ ಒಬ್ಬ ಸಿಕ್ಲಿಲ್ಲ" ಎಂದು ಎಲೆಯಡಿಕೆ ಮೆಲ್ಲುತ್ತಾ ನನಗೆ ಹೇಳುತ್ತಿದ್ದಳು.

ನಾನು ಆಗ ಪಿಯುಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಫೇಲಾಗಿ ಮನೆಯಲ್ಲಿದ್ದೆ. ಉಳಿದವರು ಇಂಗ್ಲಿಷ್ ಪರೀಕ್ಷೆಗೇ ಕೂತವರಲ್ಲವಾದ್ದರಿಂದ ಮನೆಯ ಪಾಲಿಗೆ ಇಂಗ್ಲಿಷ್ ಬಲ್ಲವಳು ನಾನೇ. ಕ್ರೇಟುಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸ ನನ್ನ ತಲೆಗೆ ಬಂತು.

ಮಿಡಿಸೌತೆಯಂಥ ಹಟಮಾರಿ ಬೆಳೆಯನ್ನು ನಾನು ಇನ್ನೊಂದು ಕಂಡಿಲ್ಲ. ಅದಕ್ಕೆ ಅಮಾವಾಸ್ಯೆಯಿಲ್ಲ, ಹಬ್ಬವಿಲ್ಲ, ಸೂತಕವಿಲ್ಲ. ಬೆಳಗ್ಗೆ ಕೀಳದೆ ಬಿಟ್ಟ ಕಾಯಿ ಸಂಜೆಗೆ ದಪ್ಪವಾಗಿ, ಕಂಪನಿಗೆ ಬೇಡವಾಗುತ್ತಿತ್ತು. ಬಳ್ಳಿಯ ಸುಂಕು ತಾಗಿ ಮೊಣಕೈವರೆಗೂ ತುರಿಕೆ. ಬಲಿತ ಕಾಯಿಗಳನ್ನು ಹುಳಿ ಮಾಡಿದೆವು, ಪಲ್ಯ ಮಾಡಿದೆವು, ದೋಸೆಗೂ ರುಬ್ಬಿದೆವು. ಕೊನೆಗೆ ನಮ್ಮನ್ನು ದೂರದಲ್ಲಿ ಕಂಡರೆ ನೆರೆಹೊರೆಯವರು ಬಾಗಿಲು ಹಾಕಿಕೊಳ್ಳತೊಡಗಿದರು. ಹಸು ಮೂಸಿ ನೋಡಿ ಮುಖ ತಿರುಗಿಸಿತು. ಅಜ್ಜಿಗೆ ಮಾತ್ರ ಬೇರೆಯೇ ಸಂಕಟ. "ಏನ್ಲಾ, ತೊಟ್ಲಲ್ಲಿರೋ ಕೂಸ್ಗಳ್ನ ಎತ್ಕೊಂಡೋಗಿ ಮಾರ್ತೀಯಲ್ಲ" ಎಂದು ಅಪ್ಪನನ್ನು ಬೈಯುತ್ತಲೇ ನಮ್ಮೆಲ್ಲರಿಗಿಂತ ಚುರುಕಾಗಿ ಕೀಳುತ್ತಿದ್ದಳು.

ಸಂಜೆ ಹಾಲಿನ ಡೈರಿಯ ಮುಂದೆ ಕಂಪನಿಯ ವ್ಯಾನು ಬರುತ್ತಿತ್ತು. ಬೈಕಿನಲ್ಲಿ ಬರುವ ಫೀಲ್ಡ್ ಆಫೀಸರು, ಬೇಲೂರು ಕಡೆಯ ಮೆದು ಮಾತಿನ ಹುಡುಗ, ಕ್ರೇಟುಗಳನ್ನು ತೂಗಿ ವ್ಯಾನಿಗೆ ಏರಿಸುತ್ತಿದ್ದ. ಒಂದು ದಿನ ಅವನು ಮುಖ ಸಪ್ಪಗೆ ಮಾಡಿಕೊಂಡು ಬಂದ. ನಮ್ಮ ಲೋಡು ಫ್ಯಾಕ್ಟರಿಯಿಂದ ವಾಪಸಾಗಿತ್ತು. ಪ್ರತಿ ಕ್ರೇಟಿನಲ್ಲೂ ಮೆಣಸಿನಕಾಯಿ, ಕರಿಬೇವು! ವಾರ ಕಳೆಯುವಷ್ಟರಲ್ಲಿ ಇನ್ನೊಂದು ಲೋಡು ಹಾಗೇ ಬಂತು. "ನೋಡಿ ಯಜಮಾನ್ರೇ, ಇನ್ನೊಂದ್ಸಲ ಹಿಂಗಾದ್ರೆ ನಿಮ್ ಕಾರ್ಡ್ ರದ್ದು ಮಾಡ್ತಾರೆ. ನನ್ ಕೈಲೇನೂ ಇಲ್ಲ" ಅಂದ.

ಅಪ್ಪನ ಅನುಮಾನ ನೆಟ್ಟಗೆ ಪಕ್ಕದ ಹೊಲದ ದಾಯಾದಿಯ ಮೇಲೆ ಹೋಯಿತು. ಕಾರ್ಡು ಸಿಗದ ಹೊಟ್ಟೆಕಿಚ್ಚಿಗೆ ಅವನೇ ಮಾಡಿಸಿದ್ದಾನೆ ಎಂದು ಊಟದ ಹೊತ್ತಿನಲ್ಲಿ ಗುಡುಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅಜ್ಜಿ ತನ್ನ ಮಡಿಲು ಮುಟ್ಟಿ ನೋಡಿಕೊಂಡಳು. ನಾನು ಕಂಡೆ, ಅಪ್ಪ ಕಾಣಲಿಲ್ಲ. ಮರುದಿನ ಸಂಜೆ ಅವನು ಡೈರಿಯೊಳಗೆ ಹಾಲಿನ ಕ್ಯಾನುಗಳ ಹಿಂದೆ ಅಡಗಿ ಕೂತು ಕಿಟಕಿಯಿಂದ ಇಣುಕುತ್ತಿದ್ದ. ತೂಕವಾದ ಮೇಲೆ ಕ್ರೇಟುಗಳ ಬಳಿಗೆ ದಾಯಾದಿ ಬರಲಿಲ್ಲ. ಅಪ್ಪನ ಸ್ವಂತ ಅವ್ವ ಬಂದಳು. ಅತ್ತಿತ್ತ ನೋಡಿ, ಮಡಿಲಿನಿಂದ ಒಂದೊಂದು ಹಿಡಿ ತೆಗೆದು ಒಂದೊಂದು ಕ್ರೇಟಿಗೆ ಹಾಕಿದಳು.

"ಅವ್ವಾ!" ಎಂದು ಕೂಗುತ್ತಾ ಅಪ್ಪ ಹೊರಗೆ ನುಗ್ಗಿದ ರಭಸಕ್ಕೆ ಎರಡು ಕ್ಯಾನು ಉರುಳಿದವು. "ಅದು ಹಡಗ್ನಾಗೆ ಹೋಗೋ ಮಾಲು ಕಣವ್ವ!"

"ಹಡಗ್ನಾಗೆ ಹೋದ್ರೆ? ತಿನ್ನೋರು ಮನುಸ್ರೇ ತಾನೆ?" ಅಜ್ಜಿ ಕಿಂಚಿತ್ತೂ ಅಳುಕಲಿಲ್ಲ. "ಇಲ್ಲಿ ಗಿರಾಕಿ ಆದ್ರೆ ಇನ್ನೊಂದೆರಡು ಹಾಕವ್ವ ಅಂತ ಬಾಯ್ಬಿಟ್ಟು ಕೇಳ್ತಾನೆ. ಅಷ್ಟ್ ದೂರದೋರು ಬಂದು ಕೇಳಕ್ಕಾಯ್ತದಾ? ನಾವೇ ತಿಳ್ಕಂಡು ಹಾಕ್ಬೇಕು. ಬರೀ ತೂಕ ಕೊಟ್ಟು ಕಳ್ಸೋ ವ್ಯಾಪಾರ ನಂಗ್ ಗೊತ್ತಿಲ್ಲ."

ಅಪ್ಪ ಕೈಮುಗಿದ. ಕಾಲಿಗೆ ಬೀಳುವುದೊಂದು ಬಾಕಿ. ಅಜ್ಜಿ "ಹಾಕಲ್ಲ ಬಿಡು" ಅಂದಳು, ಹಾಕಲಿಲ್ಲ. ಆದರೆ ಅಂದಿನಿಂದ ಹೊಲಕ್ಕೂ ಬರಲಿಲ್ಲ. ಎಲೆಯಡಿಕೆ ಬಿಟ್ಟಳು, ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಕರೆದರೆ, "ಕೊಸ್ರು ಇಲ್ದೆ ಕಳ್ಸೋ ಮನೇಲಿ ನನ್ಗೇನ್ ಕೆಲ್ಸ" ಅನ್ನುತ್ತಿದ್ದಳು. ಸಂತೆ ಬಿಟ್ಟಾಗಲೂ ಅವಳು ಇಷ್ಟು ಕುಗ್ಗಿರಲಿಲ್ಲ. ಕಾರ್ಡು ಹಾಳಾಗಿ ಹೋಗಲಿ, ಅಜ್ಜಿ ಮೊದಲಿನಂತಾದರೆ ಸಾಕು ಅಂತ ನನಗೆ ಅನ್ನಿಸುತ್ತಿತ್ತು. ಅಪ್ಪನಿಗೂ ಅನ್ನಿಸಿರಬೇಕು, ಆದರೆ ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವನು.

ಹೀಗಿರುವಾಗ ಕಾಯಿ ಕೊಳ್ಳುವ ವಿದೇಶಿ ದೊರೆಯೇ ಹೊಲ ನೋಡಲು ಬರುತ್ತಾನೆಂದು ಆಫೀಸರು ಹೇಳಿದ. ಅಷ್ಟು ಹೊಲಗಳಲ್ಲಿ ನಮ್ಮದನ್ನೇ ಆರಿಸಿದ್ದಕ್ಕೆ ಅಪ್ಪ ಎದೆಯುಬ್ಬಿಸಿದ. ನಿಜವಾದ ಕಾರಣ, ಅದು ಹಳೇಬೀಡಿನ ಗುಡಿ ನೋಡಿಕೊಂಡು ಬರುವ ದಾರಿಯಲ್ಲಿತ್ತು. "ಅಜ್ಜಿ ಒಬ್ರನ್ನ ಸ್ವಲ್ಪ..." ಎಂದು ಆಫೀಸರು ರಾಗ ಎಳೆದ. ಆ ದಿನ ಬೆಳಗ್ಗೆ ಅಪ್ಪ, ಬೇಲೂರಿನಲ್ಲಿರುವ ತನ್ನ ತಂಗಿಗೆ ಮೈ ಹುಷಾರಿಲ್ಲವಂತೆ ಎಂದು ಸುಳ್ಳು ಹೇಳಿ ಅಜ್ಜಿಯನ್ನು ಬೇಲೂರು ಬಸ್ಸು ಹತ್ತಿಸಿದ.

ಮಧ್ಯಾಹ್ನ ಆಫೀಸರನ್ನೂ ಕೂರಿಸಿಕೊಂಡು ಜೀಪು ಬಂತು. ಟೋಪಿ ಹಾಕಿದ ದೊರೆ ಬಿಸಿಲಿಗೆ ಕೆಂಪಗಾಗಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬಳ್ಳಿಗಳನ್ನು ಎತ್ತೆತ್ತಿ ನೋಡಿದ, ಕಾಯಿ ಕಿತ್ತ, ತಲೆದೂಗಿದ. ಅಪ್ಪನೂ ತಲೆದೂಗಿದ. ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಬಾವಿಯ ಹಿಂದಿನಿಂದ ಒಂದು ಮಂಕರಿ ಮೇಲೆದ್ದಿತು. ಅದರ ಕೆಳಗೆ ಅಜ್ಜಿ.

"ನೀನು ಬೇಲೂರಲ್ಲಿ..." ಅಪ್ಪನ ಬಾಯಿಂದ ಅಷ್ಟೇ ಹೊರಟಿತು.

"ಹಳೇಬೀಡ್ ಗುಡಿ ಮುಂದೆ ಜೀಪು ನಿಂತಿತ್ತು, ಈ ಆಫೀಸರ್ ಸಾಹೇಬ್ರು ಇದ್ರು. ಪಕ್ಕದಾಗೆ ಕೆಂಪ್ ಮನುಸ ಕಂಡ. ಇಳ್ಕಂಡೆ, ಟೆಂಪೋ ಹತ್ತಿ ಬಂದೆ." ಅಜ್ಜಿ ದೊರೆಯನ್ನು ಮೇಲಿಂದ ಕೆಳಗೆ ನೋಡಿದಳು. "ಇವ್ನೇಯಾ ನಮ್ ಕಾಯಿ ತಗಳೋನು?"

"ಹೌದು ಅಜ್ಜಿ" ಅಂದ ಆಫೀಸರನ ದನಿಯಲ್ಲಿ ಜೀವವಿರಲಿಲ್ಲ.

ಅಜ್ಜಿ ಮಂಕರಿ ಇಳಿಸಿದಳು. ಎರಡು ಸಾಲು ಗಿಡಗಳಲ್ಲಿ ಒಂದು ಮೆಣಸಿನಕಾಯಿ ಉಳಿಸಿರಲಿಲ್ಲ. "ಡಬ್ಬಿಗ್ ಹಾಕ್ಬೇಡ ಅಂದ್ರಿ, ಹಾಕ್ಲಿಲ್ಲ. ಇಷ್ಟ್ ದಿನದ ಕೊಸ್ರು ಇದು, ಕೈಗೇ ಕೊಡ್ತೀನಿ" ಎಂದು ದೊರೆಯ ಕೈಯಲ್ಲಿದ್ದ ಟೋಪಿಗೆ ಹಿಡಿ ಹಿಡಿಯಾಗಿ ಸುರಿಯತೊಡಗಿದಳು. ಅವನು ಗಾಬರಿಯಿಂದ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದ. ಟೋಪಿ ತುಂಬಿತು, ಮೇಲೆ ಕರಿಬೇವು ಬಿತ್ತು, ಮೆಣಸಿನಕಾಯಿಗಳು ಅವನ ಬೂಟಿನ ಮೇಲೆ ಉದುರಿದವು. ಅಪ್ಪ ಕಣ್ಣು ಮುಚ್ಚಿಕೊಂಡ. ಆಗ ದೊರೆ ನನ್ನ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದ.

"ಏನಂತವ್ನೆ ಕಣೆ?" ಅಜ್ಜಿ ಕೇಳಿದಳು.

ನನಗೆ ತಿಳಿದದ್ದು ಒಂದೇ ಶಬ್ದ, ವಾಟರ್. ಬಳ್ಳಿಯ ಸುಂಕಿಗೆ ಅವನ ಕೈ ತುರಿಸುತ್ತಿತ್ತು, ತೊಳೆಯಲು ನೀರು ಬೇಕಿತ್ತು. ಎರಡು ಸಲ ಫೇಲಾದವಳಿಗೂ ಅಷ್ಟು ಅರ್ಥವಾಗುತ್ತದೆ. ಆದರೆ ಅಜ್ಜಿ ಹಿಡಿ ಎತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಸಾಕು ಅಂತವ್ನೆ ಅಜ್ಜಿ" ಅಂದೆ.

ಆಫೀಸರು ನನ್ನನ್ನು ದುರುಗುಟ್ಟಿ ನೋಡಿದ, ಆಮೇಲೆ ಅಜ್ಜಿಯನ್ನು ನೋಡಿದ, ತಾನೂ ಹೌದೆಂದು ತಲೆಯಾಡಿಸಿದ. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತ್ತು. ಕಣ್ಣು ತುಂಬಿತ್ತು. "ಕೇಳುದ್ಯೇನ್ಲಾ?" ಎಂದು ಅಪ್ಪನ ಕಡೆ ತಿರುಗಿದಳು. "ಸಾಕು ಅಂದ ಕಣ್ಲಾ. ಕಡ್ಲಾಚೆಯಿಂದ ಬಂದೋನು ಅಂದ." ಮತ್ತೆ ದೊರೆಯ ಕಡೆ ತಿರುಗಿ, "ಸಾಕು ಅಂದೋರ್ಗೇ ಇನ್ನೊಂದ್ ಹಿಡಿ ಹಾಕ್ಬೇಕು" ಎಂದು ಆ ಹಿಡಿಯನ್ನೂ ಹಾಕಿದಳು. ದೊರೆ ಟೋಪಿ ಹಿಡಿದೇ ಜೀಪು ಹತ್ತಿದ. ಪಾಪ, ಅವನಿಗೆ ನೀರು ಮಾತ್ರ ಸಿಗಲಿಲ್ಲ.

ಮಾರನೆಯ ಬೆಳಗ್ಗೆ ನಾವು ಹೊಲಕ್ಕೆ ಹೋಗುವಷ್ಟರಲ್ಲಿ ಅಜ್ಜಿ ಒಂದು ಸಾಲು ಕಿತ್ತು ಮುಗಿಸಿದ್ದಳು. ಸಂಜೆ ಡೈರಿಯ ಮುಂದೆ ಕ್ರೇಟುಗಳ ತೂಕವಾಯಿತು. ಅಜ್ಜಿಯ ಕೈ ಮಡಿಲಿನತ್ತ ಹೋಯಿತು. ಅಪ್ಪ, ಆಫೀಸರು, ನಾನು ಮೂವರೂ ಆ ಕೈಯನ್ನೇ ನೋಡಿದೆವು. ಅವಳು ಎಲೆಯಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಏನಂಗ್ ನೋಡ್ತೀರಾ?" ಅಂದಳು. "ಅವ್ನೇ ಸಾಕು ಅಂದವ್ನಲ್ಲ, ಇನ್ಯಾಕ್ ಹಾಕ್ಲಿ?"